ಹಳೆಯ ಗರಗಸದ ಮೇಜಿಗೆ ಲೈನ್ ಕ್ಲಿಯರ್

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು ಹಾಕುತ್ತಿದ್ದ ಪೀಠೋಪಕರಣ ಘಟಕವೊಂದರಿಂದ ಹಳೆಯ ಟೇಬಲ್ ಸಾ (ಮೇಜಿನ ಸಂದಿಯಿಂದ ಮೇಲೆ ಚಾಚಿ ತಿರುಗುವ ಬ್ಲೇಡಿಗೆ ಹಲಗೆ ತಳ್ಳಿ ಕೊಯ್ಯುವ ಯಂತ್ರ) ಒಂದು ನನ್ನ ಮನೆಯ ಹಿಂದಿನ ಶೆಡ್ಡಿಗೆ ಬಂದಿದೆ. ಯಾವ ಕಂಪನಿಯ ಹೆಸರೂ ಇಲ್ಲ. ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್ ಬೆಸೆದು ಮಾಡಿದ ಚೌಕಟ್ಟು, ಮೇಲೆ ಬೀಡುಕಬ್ಬಿಣದ ಮೇಜು, 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್, ವಿ-ಬೆಲ್ಟ್, 10 ಇಂಚಿನ ಬ್ಲೇಡ್. ಬೇರಿಂಗ್ ಗಟ್ಟಿಯಾಗಿದೆ, ಶಾಫ್ಟ್ ನೇರವಾಗಿದೆ. ಒಳ್ಳೆಯ ಸುದ್ದಿ ಇಷ್ಟೇ. ಬ್ಲೇಡಿಗೆ ಮುಚ್ಚಳವಿಲ್ಲ, ಬೆಲ್ಟಿಗೆ ಮರೆಯಿಲ್ಲ, ಅರ್ಥ್ ತಂತಿಯನ್ನು ಕತ್ತರಿಸಿ ಟೇಪು ಸುತ್ತಿದ್ದಾರೆ. ಸ್ವಿಚ್ಚು ಎಂದರೆ ಮನೆಯ ಗೋಡೆಗೆ ಹಾಕುವ 16 ಆಂಪಿಯರ್ ಸ್ವಿಚ್ಚನ್ನೇ ಮೇಜಿನ ಕಾಲಿಗೆ ಬಿಗಿದದ್ದು.

ಯಂತ್ರ ನೋಡಲು ನಮ್ಮ ಬೀದಿಯ ಆಚಾರ್ಯರನ್ನೂ ಕರೆದುಕೊಂಡು ಹೋಗಿದ್ದೆ. ಮೂರು ತಲೆಮಾರಿನಿಂದ ಬಾಗಿಲು ಕಿಟಕಿ ಮಾಡುವ ಮನೆತನ. "ಏನೂ ತೊಂದರೆಯಿಲ್ಲ ಸ್ವಾಮಿ, ಇಷ್ಟು ವರ್ಷ ಹೀಗೆಯೇ ಓಡಿದೆಯಲ್ಲ" ಎಂದರು. ಓಡಿದ್ದು ನಿಜ. ಆದರೆ ಕೊಯ್ಯುವವನು ನಿಲ್ಲುವ ಜಾಗದ ಬೆನ್ನ ಹಿಂದಿನ ಗೋಡೆಯನ್ನು ನಾನು ನೋಡುತ್ತಿದ್ದೆ. ಬ್ಲೇಡಿನ ನೇರಕ್ಕೆ, ಸೊಂಟದ ಎತ್ತರದಲ್ಲಿ, ಸಿಮೆಂಟ್ ಶೀಟಿನಲ್ಲಿ ರೀಪರಿನ ಅಗಲದ ಒಂದು ತೂತು. ಅಂಚು ಒಳಗಿನಿಂದ ಹೊರಕ್ಕೆ ಒಡೆದಿತ್ತು. ಅದು ಹೇಗಾಯಿತೆಂದು ಅಲ್ಲಿದ್ದವರನ್ನು ಯಾರೂ ಕೇಳಬೇಕಾಗಿರಲಿಲ್ಲ.

ನಾನು ವಿದ್ಯುತ್ ಲೈನಿನ ಕೆಲಸ ಮಾಡಿ ನಿವೃತ್ತನಾದವನು. ಪಾವಗಡ, ಶಿರಾ, ಮಧುಗಿರಿ ಕಡೆ ಕಂಬ ಹತ್ತಿದ್ದೇ ಹೆಚ್ಚು. ಕಂಬ ಹತ್ತುವವನಿಗೆ ಹುಷಾರಾಗಿರು ಎಂದಷ್ಟೇ ಹೇಳಿ ಕಳುಹಿಸುವ ಪದ್ಧತಿ ನಮ್ಮಲ್ಲಿಲ್ಲ. ಲೈನ್ ಕ್ಲಿಯರ್ ತೆಗೆದುಕೊಂಡು ಹೋಗು ಎನ್ನುತ್ತಾರೆ. ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಬೀಳಿಸಿ, ಐಸೊಲೇಟರ್ ತೆರೆದು, ಫಲಕ ನೇತುಹಾಕಿ, ಪುಸ್ತಕದಲ್ಲಿ ಬರೆದು ನಂಬರ್ ಕೊಡುತ್ತಾರೆ. ಅಷ್ಟಾದ ಮೇಲೂ ಕಂಬದ ಬಳಿ ನಾವೇ ಡಿಸ್ಚಾರ್ಜ್ ರಾಡ್ (ತಂತಿಯಲ್ಲಿ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಕೋಲು) ಮುಟ್ಟಿಸಿ, ಎರಡೂ ಕಡೆ ಅರ್ಥ್ ಮಾಡಿ ಆಮೇಲೆ ತಂತಿಗೆ ಕೈ ಹಾಕುತ್ತೇವೆ. ಲೈನ್ ಕ್ಲಿಯರ್ ಪಡೆದವನೇ ಅದನ್ನು ಹಿಂದಿರುಗಿಸಬೇಕು. ಅವನ ಪರವಾಗಿ ಇನ್ನೊಬ್ಬ ಫೋನ್ ಮಾಡಿದರೆ ನಡೆಯದು. ಮನುಷ್ಯನ ಗಮನ ಎಂದಾದರೊಂದು ದಿನ ತಪ್ಪುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು. ಈ ಮೇಜನ್ನೂ ಅದೇ ಲೆಕ್ಕದಲ್ಲಿ ರಿಪೇರಿ ಮಾಡಲು ಹೊರಟೆ. ಮನೆಯ ಶೆಡ್ಡಿನಲ್ಲಿ ಮೇಸ್ತ್ರಿ ಇಲ್ಲ, ಇನ್ಸ್‌ಪೆಕ್ಟರ್ ಇಲ್ಲ, ಊಟಕ್ಕೆ ಮುಂಚೆ ಇನ್ನೊಂದು ಹಲಗೆ ಕೊಯ್ದುಬಿಡೋಣ ಎಂಬ ಆಸೆಯನ್ನು ತಡೆಯುವವರೂ ಇಲ್ಲ. ಹಾಗಾಗಿ ತಡೆಯುವ ಕೆಲಸವನ್ನು ಕಬ್ಬಿಣಕ್ಕೂ ತಾಮ್ರಕ್ಕೂ ವಹಿಸಬೇಕು.

ಮೊದಲು ಕರೆಂಟು

ಗೋಡೆ ಸ್ವಿಚ್ಚಿನ ದೊಡ್ಡ ದೋಷ ಏನೆಂದರೆ ಅದಕ್ಕೆ ನೆನಪು ಜಾಸ್ತಿ. ಹಲಗೆ ಅರ್ಧ ಕೊಯ್ದಿರುವಾಗ ಕರೆಂಟು ಹೋಗುತ್ತದೆ, ಬ್ಲೇಡ್ ನಿಲ್ಲುತ್ತದೆ. ಸ್ವಿಚ್ಚು ಆನ್ ಆಗಿಯೇ ಇರುತ್ತದೆ. ನಾವು ಹಲಗೆ ಹಿಂದಕ್ಕೆಳೆದು, ಸಂದಿಯಲ್ಲಿ ಸಿಕ್ಕಿದ ಚಕ್ಕೆ ತೆಗೆಯಲು ಬೆರಳು ಹಾಕುತ್ತೇವೆ. ಕರೆಂಟು ಬರುತ್ತದೆ. ಹೊಸ ಯಂತ್ರಗಳಲ್ಲಿ ಇದಕ್ಕೆಂದೇ ನೋ-ವೋಲ್ಟ್ ಸ್ವಿಚ್ಚು ಇರುತ್ತದೆ: ಕರೆಂಟು ಹೋದೊಡನೆ ತಾನೇ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಮೋಟರ್ ತಿರುಗುವುದಿಲ್ಲ.

ಅದನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕೊಳವೆಬಾವಿಯ ಪಂಪಿಗೆ ಹಾಕುವ ಡಿಒಎಲ್ ಸ್ಟಾರ್ಟರ್ ಇದೇ ಕೆಲಸ ಮಾಡುತ್ತದೆ. ಮಂಡಿಪೇಟೆಯಲ್ಲಿ ಮೋಟರ್ ಸಾಮಾನು ಮಾರುವ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಒಳಗೆ ಒಂದು ಕಾಂಟ್ಯಾಕ್ಟರ್ (ತಂತಿ ಸುತ್ತಿದ ಕಾಯಿಲ್ ಆಯಸ್ಕಾಂತವಾಗಿ ಎಳೆದುಕೊಳ್ಳುವ ಸ್ವಿಚ್ಚು), ಒಂದು ಓವರ್‌ಲೋಡ್ ರಿಲೇ (ಮೋಟರಿಗೆ ಹೊರೆ ಹೆಚ್ಚಾದರೆ ಕರೆಂಟು ಕಡಿಯುವಂಥದ್ದು). ಹಸಿರು ಗುಂಡಿ ಒತ್ತಿದಾಗ ಕಾಯಿಲಿಗೆ ಕರೆಂಟು ಹರಿದು ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ. ಗುಂಡಿ ಬಿಟ್ಟ ಮೇಲೆ ಪಕ್ಕದ ಸಣ್ಣ ಕಾಂಟ್ಯಾಕ್ಟಿನ ಮೂಲಕ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಸರಬರಾಜು ನಿಂತರೆ ಕಾಯಿಲ್ ಬಿಡುತ್ತದೆ, ಆ ಹಿಡಿತ ತಪ್ಪುತ್ತದೆ. ಕೆಂಪು ಗುಂಡಿ ಮಾಡುವುದೂ ಇಷ್ಟೇ, ಕಾಯಿಲಿನ ದಾರಿಯನ್ನು ಕ್ಷಣಕಾಲ ಕಡಿಯುವುದು. ನಾನು ಸಿಂಗಲ್ ಫೇಸ್ ಸ್ಟಾರ್ಟರ್ ತಂದು, ಕಾಯಿಲ್ 230 ವೋಲ್ಟಿನದೇ ಎಂದು ನೋಡಿಕೊಂಡು, ಓವರ್‌ಲೋಡ್ ರಿಲೇಯನ್ನು ಮೋಟರಿನ ಫಲಕದಲ್ಲಿ ಬರೆದಿರುವ ಆಂಪಿಯರಿಗೆ ತಿರುಗಿಸಿಟ್ಟೆ.

ನಮ್ಮ ಜಿಲ್ಲೆಯ ರೈತರು ಇದೇ ಸ್ಟಾರ್ಟರಿಗೆ ಆಟೊ ಸ್ವಿಚ್ಚು ಜೋಡಿಸಿ ಅದರ ಗುಣವನ್ನೇ ಕಳೆಯುತ್ತಾರೆ. ರಾತ್ರಿ ಎಷ್ಟೋ ಹೊತ್ತಿಗೆ ಬರುವ ತ್ರೀ ಫೇಸಿಗಾಗಿ ಕಾದು ಕುಳಿತುಕೊಳ್ಳುವ ಬದಲು ಪಂಪು ತಾನೇ ಓಡಲಿ ಎಂದು. ಅವರ ಕಷ್ಟ ಗೊತ್ತು, ತಪ್ಪು ಹೇಳಲಾರೆ. ಆದರೆ ಗರಗಸಕ್ಕೆ ಆ ಪೆಟ್ಟಿಗೆಯನ್ನು ಜೋಡಿಸುವವನನ್ನು ಕಂಡರೆ ಕೈ ಹಿಡಿದು ನಿಲ್ಲಿಸಿ.

ನಿಲ್ಲಿಸುವ ಗುಂಡಿ ಎಲ್ಲಿರಬೇಕು ಎಂಬುದಕ್ಕೆ ತಲೆ ಹೆಚ್ಚು ಖರ್ಚಾಯಿತು. ಹಲಗೆ ಸಿಕ್ಕಿಕೊಂಡ ಹೊತ್ತಿನಲ್ಲಿ ಎರಡೂ ಕೈ ಹಲಗೆಯ ಮೇಲಿರುತ್ತವೆ. ಒಂದನ್ನು ತೆಗೆದರೂ ಕೆಟ್ಟಿತು. ಹಾಗಾಗಿ ಅಣಬೆ ತಲೆಯ ದೊಡ್ಡ ಕೆಂಪು ಗುಂಡಿಯೊಂದನ್ನು ಕಾಯಿಲಿನ ದಾರಿಯಲ್ಲಿ ಸೇರಿಸಿ, ಮೇಜಿನ ಮುಂಭಾಗದಲ್ಲಿ ಮೊಣಕಾಲಿನ ಎತ್ತರಕ್ಕೆ ಕೂರಿಸಿದೆ. ಅದರ ಮುಂದೆ ಒಂದು ಅಡಿ ಅಗಲದ ಪ್ಲೈವುಡ್ ತುಂಡನ್ನು ಕೀಲಿನಲ್ಲಿ ನೇತುಬಿಟ್ಟಿದ್ದೇನೆ. ಮೊಣಕಾಲಿನಿಂದ ಎಲ್ಲಿ ನೂಕಿದರೂ ಪ್ಲೈ ಹೋಗಿ ಗುಂಡಿಯನ್ನು ಒತ್ತುತ್ತದೆ. ಆಚಾರ್ಯರು ಇದನ್ನು ನೋಡಿ ಮೂರು ನಾಲ್ಕು ಸಲ ಒದ್ದು ನೋಡಿದರು. ಯಂತ್ರದಲ್ಲಿ ಅವರಿಗೆ ಮೊದಲು ಹಿಡಿಸಿದ್ದು ಇದೊಂದೇ.

ಅರ್ಥಿಂಗ್ ವಿಷಯದಲ್ಲಿ ನನ್ನ ಹಠ ಮನೆಯವರಿಗೆಲ್ಲ ಗೊತ್ತು. ಶೆಡ್ಡಿನ ಹೊರಗೆ ಬೇರೆಯೇ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಅರ್ಥ್ ಪೈಪು ಇಳಿಸಿ, ಮೋಟರಿನ ಮೈಗೂ ಮೇಜಿಗೂ ಚೌಕಟ್ಟಿಗೂ ತಂತಿ ಎಳೆದೆ. ನಮ್ಮ ಕಡೆಯ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥ್ ಏಪ್ರಿಲ್ ಹೊತ್ತಿಗೆ ಹೆಸರಿಗಷ್ಟೇ ಉಳಿದಿರುವುದನ್ನು ಪಾವಗಡದಲ್ಲಿ ಬೇಕಾದಷ್ಟು ನೋಡಿದ್ದೇನೆ. ತುಳಸಿಗೆ ನೀರು ಹಾಕುವಾಗ ಅರ್ಥ್ ಗುಂಡಿಗೂ ಒಂದು ಕೊಡ ಹಾಕಲು ಮನೆಯವರಿಗೆ ಹೇಳಿದ್ದೇನೆ. ಒಳಗೆ, ಕರೆಂಟು ಮಿತಿಮೀರಿದರೆ ತಾನೇ ಬೀಳುವ 16 ಆಂಪಿಯರಿನ ಸಿ-ಕರ್ವ್ ಎಂಸಿಬಿ. ಮೋಟರ್ ಹೊರಡುವಾಗ ಎಳೆಯುವ ಕರೆಂಟಿಗೆ ಬಿ-ಕರ್ವ್ ಸುಮ್ಮಸುಮ್ಮನೆ ಬೀಳುತ್ತದೆ. ಅದರ ಜೊತೆಗೆ, ಕರೆಂಟು ನೆಲಕ್ಕೆ ಸೋರಿದರೆ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಒಂದಿದ್ದರೆ ಇನ್ನೊಂದು ಬೇಡ ಎಂದು ಹೇಳುವ ವೈರಿಂಗ್‌ನವರ ಮಾತು ಕೇಳಬೇಡಿ. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ಅದು ಬೀಳುತ್ತದೆಯೇ ಎಂದು ನೋಡುತ್ತಿರಬೇಕು.

ಇನ್ನು ಬ್ಲೇಡ್ ಬದಲಿಸುವ ಹೊತ್ತು. ಇಲ್ಲಿಯೇ ನಿಜವಾದ ಲೈನ್ ಕ್ಲಿಯರ್ ಬೇಕಾಗುವುದು. ಬ್ಲೇಡಿನ ನಟ್ಟು ಬಿಚ್ಚುವ ಸ್ಪ್ಯಾನರನ್ನು ಪ್ಲಗ್ಗಿನ ಬುಡಕ್ಕೇ ಒಂದು ಗೇಣು ನೈಲಾನ್ ಹಗ್ಗದಲ್ಲಿ ಕಟ್ಟಿದ್ದೇನೆ. (ಸರಪಳಿ ಬೇಡ, ಲೋಹವನ್ನು ಪ್ಲಗ್ಗಿನ ಹತ್ತಿರ ಸೇರಿಸಬಾರದು.) ಸಾಕೆಟ್ ಇರುವುದು ಗೋಡೆಯಲ್ಲಿ, ಬ್ಲೇಡಿನಿಂದ ಐದು ಅಡಿ ದೂರ. ಪ್ಲಗ್ಗು ಗೋಡೆಯಲ್ಲಿದ್ದರೆ ಸ್ಪ್ಯಾನರ್ ನಟ್ಟಿನ ತನಕ ಬರುವುದಿಲ್ಲ. ಸ್ಪ್ಯಾನರ್ ಬೇಕೆಂದರೆ ಪ್ಲಗ್ಗು ಕೀಳಲೇಬೇಕು, ಕಿತ್ತ ಪ್ಲಗ್ಗು ಕಣ್ಣೆದುರಿಗೇ ಮೇಜಿನ ಮೇಲೆ ಬಿದ್ದಿರುತ್ತದೆ. ಇಡೀ ಶೆಡ್ಡಿನಲ್ಲಿ ಅತಿ ಅಗ್ಗದ ಸಾಧನ ಇದು, ನನಗೆ ಅತಿ ಪ್ರಿಯವಾದದ್ದೂ ಇದೇ. ಇನ್ನೊಂದು ಸ್ಪ್ಯಾನರ್ ಮಾತ್ರ ಶೆಡ್ಡಿನಲ್ಲಿ ಇಡಕೂಡದು.

ಬೆಳಕಿನ ಬಗ್ಗೆ ಒಂದು ಮಾತು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ 50 ಹರ್ಟ್ಸ್ ಸರಬರಾಜಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹಲ್ಲುಗಳ ವೇಗ ಆ ಮಿನುಗಿಗೆ ಹೊಂದಿಕೊಂಡರೆ ತಿರುಗುವ ಬ್ಲೇಡ್ ನಿಂತಂತೆ ಅಥವಾ ನಿಧಾನವಾಗಿ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಕಿವಿ ಮುಚ್ಚಿಕೊಂಡವನಿಗೆ ಇದು ಅಪಾಯ. ಟ್ಯೂಬ್‌ಲೈಟ್ ಕಿತ್ತು ಒಳ್ಳೆಯ ಎಲ್‌ಇಡಿ ಹಾಕಿದೆ. ಕಳಪೆ ಎಲ್‌ಇಡಿಯೂ ಮಿನುಗುತ್ತದೆ, ಮೊಬೈಲ್ ಕ್ಯಾಮೆರಾ ಹಿಡಿದು ನೋಡಿದರೆ ಪಟ್ಟೆ ಪಟ್ಟೆಯಾಗಿ ಕಾಣಿಸುತ್ತದೆ.

ಬ್ಲೇಡಿನ ಹಿಂದಿನ ತಗಡು

ಆ ಘಟಕದ ಗೋಡೆಯ ಶೀಟಿನಲ್ಲಿದ್ದ ತೂತಿಗೆ ಬರೋಣ. ಮೋಟರ್ ನಿಮಿಷಕ್ಕೆ 2880 ಸುತ್ತು ತಿರುಗುತ್ತದೆ. ಮೋಟರಿನ ಪುಲ್ಲಿ 4 ಇಂಚು, ಬ್ಲೇಡಿನ ಶಾಫ್ಟಿನದು 3 ಇಂಚು. ಹಾಗಾಗಿ ಬ್ಲೇಡ್ 3840 ಸುತ್ತು, ಎಂದರೆ ಸೆಕೆಂಡಿಗೆ 64. ಹತ್ತು ಇಂಚಿನ ಬ್ಲೇಡಿನ ಹಲ್ಲು ಒಂದು ಸುತ್ತಿಗೆ ಸುಮಾರು 80 ಸೆಂಟಿಮೀಟರ್ ಸಾಗುತ್ತದೆ. ಗುಣಿಸಿದರೆ ಸೆಕೆಂಡಿಗೆ 51 ಮೀಟರ್, ಗಂಟೆಗೆ 180 ಕಿಲೋಮೀಟರಿಗೂ ಮೇಲೆ. ಮುಂದಿನ ಹಲ್ಲುಗಳು ಕೆಳಮುಖವಾಗಿ ಕಚ್ಚುವುದರಿಂದ ಹಲಗೆಯನ್ನು ಮೇಜಿಗೆ ಒತ್ತಿ ಹಿಡಿಯುತ್ತವೆ. ಹಿಂದಿನ ಹಲ್ಲುಗಳು ಮೇಲಕ್ಕೇಳುತ್ತವೆ. ಕೊಯ್ದ ಸೀಳು ಹಿಂದೆ ಮುಚ್ಚಿಕೊಂಡು ಬ್ಲೇಡನ್ನು ಹಿಂಡಿದರೆ, ಅಥವಾ ಹಲಗೆ ಸ್ವಲ್ಪ ಓರೆಯಾಗಿ ಆ ಹಿಂದಿನ ಹಲ್ಲಿಗೆ ತಗುಲಿದರೆ, ಅವು ಹಲಗೆಯನ್ನೆತ್ತಿ ನಮ್ಮ ಕಡೆಗೆ ಎಸೆಯುತ್ತವೆ. ಹಲಗೆ ಹೊಟ್ಟೆಗೆ ಬಡಿಯುವುದು ಒಂದು ಅಪಾಯ. ಅದಕ್ಕಿಂತ ಕೆಟ್ಟದ್ದೆಂದರೆ, ಹಲಗೆಯ ಮೇಲೆ ಭಾರ ಬಿಟ್ಟಿದ್ದ ಕೈ, ಹಲಗೆ ಮಾಯವಾದ ಕ್ಷಣದಲ್ಲಿ ಬ್ಲೇಡಿನ ಮೇಲೆ ಬೀಳುತ್ತದೆ.

ಇದನ್ನು ತಡೆಯುವುದು ರೈವಿಂಗ್ ನೈಫ್ ಎಂಬ ಒಂದು ತುಂಡು ತಗಡು. ಬ್ಲೇಡಿನ ಬೆನ್ನಿಗೆ, ಅದರ ದುಂಡಿಗೇ ಸರಿಯಾಗಿ ಬಾಗಿ ನಿಂತು ಸೀಳು ಮುಚ್ಚದಂತೆ ನೋಡಿಕೊಳ್ಳುತ್ತದೆ. ಮರ ಸೀಳುವಾಗ ಹಿಂದಿನವರು ಬೆಣೆ ಬಡಿಯುತ್ತಿದ್ದುದು ಇದಕ್ಕೇ. ಬೆಣೆ ಕಿತ್ತ ಕೋತಿಯ ಕಥೆಯನ್ನು ಶಾಲೆಯಲ್ಲಿ ಕೇಳದವರಿಲ್ಲ. ಆದರೂ ನಮ್ಮ ಊರಿನಲ್ಲಿ ನಾನು ನೋಡಿದ ಗರಗಸದ ಮೇಜುಗಳಲ್ಲಿ ಈ ತಗಡು ಉಳಿದಿರುವುದು ಅಪರೂಪ. ಕೆಲಸಕ್ಕೆ ಅಡ್ಡ ಎಂದು ಮೊದಲ ವಾರವೇ ಬಿಚ್ಚಿ ಬಿಸಾಡುತ್ತಾರೆ.

ದಪ್ಪದ ಲೆಕ್ಕ ಸರಿಯಾಗಿರಬೇಕು. ತಗಡು ಬ್ಲೇಡಿನ ಮೈಗಿಂತ ದಪ್ಪವಿರಬೇಕು, ಹಲ್ಲು ಕೊಯ್ಯುವ ಸೀಳಿಗಿಂತ ತೆಳುವಿರಬೇಕು. ಮೈಗಿಂತ ತೆಳುವಾದರೆ ಸೀಳು ಬ್ಲೇಡನ್ನು ಹಿಂಡುವುದು ತಪ್ಪುವುದಿಲ್ಲ. ಸೀಳಿಗಿಂತ ದಪ್ಪವಾದರೆ ಹಲಗೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಕೊಯ್ಯಲು ತಂದ 24 ಹಲ್ಲಿನ ಕಾರ್ಬೈಡ್ ಬ್ಲೇಡನ್ನು ವರ್ನಿಯರಿನಲ್ಲಿ ಅಳೆದೆ. ಮೈ 2.2 ಮಿಲಿಮೀಟರ್, ಹಲ್ಲು 3.2. ಹಾಗಾದರೆ 2.5 ಮಿಲಿಮೀಟರಿನ ತಗಡು. ಬ್ಲೇಡನ್ನು ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದು, 5 ಮಿಲಿಮೀಟರ್ ಹೊರಗೆ ಇನ್ನೊಂದು ಗೆರೆ ಎಳೆದು, ಒಂದು ಕುಡುಗೋಲಿನಂಥ ಆಕಾರ ಕತ್ತರಿಸಿದೆ. ಈ ಸಂದು ಕಡಿಮೆಯಿದ್ದಷ್ಟೂ ಒಳ್ಳೆಯದು. ಮೇಜಿನ ಮಟ್ಟದಲ್ಲಿ 8 ಮಿಲಿಮೀಟರ್ ಮೀರಬಾರದು. ತುದಿಯನ್ನು ಬ್ಲೇಡಿನ ನೆತ್ತಿಗಿಂತ ಕೂದಲೆಳೆ ಕೆಳಗೆ ನಿಲ್ಲಿಸಿದರೆ ಗಾಡಿ (ಹಲಗೆಯನ್ನು ಪೂರ್ತಿ ಸೀಳದ ತೋಡು) ತೆಗೆಯುವಾಗಲೂ ತಗಡನ್ನು ಬಿಚ್ಚುವ ನೆಪ ಸಿಗುವುದಿಲ್ಲ. ರಟ್ಟಿನ ಅಚ್ಚನ್ನು ಫ್ಯಾಬ್ರಿಕೇಶನ್ ಅಂಗಡಿಗೆ ಕೊಟ್ಟು ತಗಡು ಕತ್ತರಿಸಿ ತಂದೆ, ಹಲಗೆ ಮೊದಲು ತಾಗುವ ಅಂಚನ್ನು ಅರದಿಂದ ಚೂರು ಇಳಿಜಾರು ಮಾಡಿದೆ.

ಕೂರಿಸುವುದು ಕಷ್ಟವಾಗಬಹುದೆಂದುಕೊಂಡಿದ್ದೆ. ಆದರೆ ಈ ನಾಟಿ ಯಂತ್ರದಲ್ಲಿ ಬ್ಲೇಡ್ ಏರಿಳಿಯುವುದಿಲ್ಲ, ಮೇಜೇ ತಿರುಪಿನ ಮೇಲೆ ಏರಿಳಿಯುತ್ತದೆ. ತಗಡನ್ನು ಬೇರಿಂಗ್ ಕೂತ ಚೌಕಟ್ಟಿಗೇ ಎರಡು ಬೋಲ್ಟಿನಲ್ಲಿ ಬಿಗಿದರೆ ಮುಗಿಯಿತು, ಮೇಜು ಎಲ್ಲಿದ್ದರೂ ಬ್ಲೇಡಿಗೂ ತಗಡಿಗೂ ಅದೇ ಅಂತರ. ದುಬಾರಿ ಯಂತ್ರಗಳು ಇದಕ್ಕಾಗಿ ಪಡುವ ಪಾಡನ್ನು ನೆನೆದರೆ ಆ ಹೆಸರಿಲ್ಲದ ವೆಲ್ಡರಿಗೆ ಕೈಮುಗಿಯಬೇಕು. ಉಕ್ಕಿನ ಸ್ಕೇಲನ್ನು ಬ್ಲೇಡಿನ ಮೈಗೆ ಒತ್ತಿ, ತಗಡು ಸೀಳಿನ ನಟ್ಟನಡುವೆ ಬರುವ ತನಕ ಬೋಲ್ಟಿನ ಕೆಳಗೆ ತೆಳು ವಾಷರ್ ತುಂಬಿದೆ.

"ಈ ತಗಡಿಲ್ಲದೆಯೇ ಮೂವತ್ತು ವರ್ಷ ಕೊಯ್ದಿದ್ದೇನೆ ಸ್ವಾಮಿ" ಎಂದರು ಆಚಾರ್ಯರು. ಅವರ ಮೇಜು ನಮ್ಮ ಕಡೆಯ ಬಡಗಿಗಳೆಲ್ಲರ ಮೇಜಿನಂತೆಯೇ. ಪ್ಲೈವುಡ್ಡಿನ ಅಡಿಯಲ್ಲಿ ಮಾರ್ಬಲ್ ಕಟ್ಟರನ್ನು ಮಗುಚಿ ಬಿಗಿದು, ನಾಲ್ಕಿಂಚಿನ ಮರದ ಬ್ಲೇಡ್ ಹಾಕಿದ್ದು. ಕಲ್ಲು ಕೊಯ್ಯಲು ಮಾಡಿದ ಆ ಯಂತ್ರ ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಹಲ್ಲಿನ ವೇಗ ನನ್ನ ದೊಡ್ಡ ಬ್ಲೇಡಿಗಿಂತ ಹೆಚ್ಚು. "ಆಚಾರ್ಯರೇ, ನಾನೂ ಮೂವತ್ತು ವರ್ಷ ಕಂಬ ಹತ್ತಿದ್ದೇನೆ. ಬಿದ್ದಿಲ್ಲ. ಆದರೂ ಸೊಂಟದ ಬೆಲ್ಟು ಬಿಟ್ಟು ಒಂದು ದಿನವೂ ಹತ್ತಲಿಲ್ಲ" ಎಂದೆ. ಅವರು ನಕ್ಕರು, ಒಪ್ಪಲಿಲ್ಲ.

ಮುಚ್ಚಳ, ಬೇಲಿ, ತಳ್ಳುಕೋಲು

ಇವು ಬೇಗ ಮುಗಿದವು. ಬ್ಲೇಡಿನ ಮೇಲಿನ ಮುಚ್ಚಳ 4 ಮಿಲಿಮೀಟರಿನ ಪಾಲಿಕಾರ್ಬೊನೇಟ್. ಅಂಗಡಿಯವರು ಅಕ್ರಿಲಿಕ್ ಕೊಡಲು ನೋಡುತ್ತಾರೆ. ಅದು ಪೆಟ್ಟು ಬಿದ್ದರೆ ಚೂರಾಗುತ್ತದೆ. ಮೇಜಿನ ಪಕ್ಕದಿಂದ ಬರುವ ಚೌಕ ಪೈಪಿನ ತೋಳಿಗೆ ಅದನ್ನು ನೇತುಹಾಕಿದೆ, ಅದೇ ಪೈಪಿನ ಉದ್ದಕ್ಕೆ ಹೊಟ್ಟು ಎಳೆಯುವ ಕೊಳವೆಯೂ ಬಂತು. ಬೆಲ್ಟಿಗೆ ತಗಡಿನ ಡಬ್ಬ. ಬ್ಲೇಡ್ ಹೊರಬರುವ ಸಂದಿಗೆ ಪ್ಲೈವುಡ್ ತುಂಡು ಕೂರಿಸಿ, ಮೇಜನ್ನು ನಿಧಾನವಾಗಿ ಇಳಿಸುತ್ತಾ ಬ್ಲೇಡಿನಿಂದಲೇ ಅದರಲ್ಲಿ ಸೀಳು ಮಾಡಿಸಿದೆ. ಸಣ್ಣ ತುಂಡುಗಳು ಇನ್ನು ಒಳಗೆ ಬಿದ್ದು ಸಿಕ್ಕಿಕೊಳ್ಳುವುದಿಲ್ಲ.

ಬೆರಳು ತಾಗಿದರೆ ತಾನೇ ನಿಲ್ಲುವ ಗರಗಸವೂ ಪ್ರಪಂಚದಲ್ಲಿದೆ. ಅಮೆರಿಕದ ಸ್ಟೀವ್ ಗ್ಯಾಸ್ ಎಂಬುವರು 1999ರಲ್ಲಿ ರೂಪಿಸಿದ ಸಾ-ಸ್ಟಾಪ್, ಮೈಯ ವಿದ್ಯುತ್ ಗುಣವನ್ನು ಗುರುತಿಸಿ ಅಲ್ಯೂಮಿನಿಯಂ ತುಂಡೊಂದನ್ನು ಬ್ಲೇಡಿಗೆ ತಿವಿದು ಸುಮಾರು 5 ಮಿಲಿಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ನನ್ನ ಪಿಂಚಣಿಗೆ ನಿಲುಕುವುದು ತಗಡು ಮತ್ತು ಕೋಲು.

ಹಲಗೆ ಒರಗಿಕೊಂಡು ಸಾಗುವ ಬೇಲಿ ಬ್ಲೇಡಿಗೆ ಸಮಾನಾಂತರವಾಗಿರಬೇಕು. ತಪ್ಪುವುದಾದರೆ ಹಿಂದುಗಡೆ ಚೂರು ಅಗಲವಾಗಲಿ, ಕಿರಿದಾಗಬಾರದು. ಗಟ್ಟಿ ಮರ ಉದ್ದಕ್ಕೆ ಕೊಯ್ಯುವಾಗ ಬೇಲಿಗೆ ಒಂದು ಮೋಟು ಹಲಗೆ ಕ್ಲ್ಯಾಂಪ್ ಮಾಡುತ್ತೇನೆ, ಅದು ಬ್ಲೇಡಿನ ಮುಂದಿನ ಹಲ್ಲು ದಾಟಿದೊಡನೆ ಮುಗಿಯುತ್ತದೆ. ಆಮೇಲೆ ಸೀಳಿದ ಮರ ಅರಳಿಕೊಳ್ಳಲು ಜಾಗ ಸಿಗುತ್ತದೆ. ತಳ್ಳುಕೋಲು ಒಂದೂವರೆ ಅಡಿಯದು, ತುದಿಯಲ್ಲಿ ಹಲಗೆಯ ಮೂಲೆ ಕಚ್ಚುವಂತೆ ಹಕ್ಕಿಯ ಕೊಕ್ಕಿನ ಕಚ್ಚು. ಕೊನೆಯ 30 ಸೆಂಟಿಮೀಟರ್ ಕೈಯಿಂದ ತಳ್ಳುವಂತಿಲ್ಲ. ಕೋಲನ್ನು ಕಪಾಟಿನಲ್ಲಿಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲವೆಂದು ಕೋಲಿಗೆ ಆಯಸ್ಕಾಂತ ಅಂಟಿಸಿ ಬೇಲಿಯ ಮೇಲೆಯೇ ಕಚ್ಚಿಸಿದ್ದೇನೆ. ಕೋಲು ಹಾಳಾದರೆ ಇನ್ನೊಂದು ಮಾಡಬಹುದು ಎಂದು ಒಂದೇ ಅಚ್ಚಿನಲ್ಲಿ ಅರ್ಧ ಡಜನ್ ಕತ್ತರಿಸಿಟ್ಟೆ.

ಮೈ, ಮೂಗು, ಕಿವಿ

ಕಂಬದ ಮೇಲೆ ರಬ್ಬರ್ ಗ್ಲೌಸ್ ಇಲ್ಲದೆ ಕೈ ಚಾಚದವನು ನಾನು. ಇಲ್ಲಿ ಗ್ಲೌಸ್ ಕಳಚಿ ಹೊರಗಿಟ್ಟು ಬರುತ್ತೇನೆ. ತಿರುಗುವ ಯಂತ್ರಕ್ಕೆ ಬಟ್ಟೆ ಸಿಕ್ಕಿದರೆ ಅದರ ಜೊತೆಗೆ ಕೈಯೂ ಹೋಗುತ್ತದೆ. ಪಂಚೆ, ಹೆಗಲ ಮೇಲಿನ ಟವೆಲ್, ಉಂಗುರ, ಮಣಿಕಟ್ಟಿಗೆ ಕಟ್ಟಿಸಿಕೊಂಡ ದೇವಸ್ಥಾನದ ದಾರ, ಇವೆಲ್ಲಕ್ಕೂ ಶೆಡ್ಡಿನ ಹೊರಗೆ ಮೊಳೆ ಬಡಿದಿದ್ದೇನೆ. ದಾರ ಬಿಚ್ಚಲು ಮನಸ್ಸಿಲ್ಲದವರು ತೋಳಿಗೆ ಏರಿಸಿ ಗಟ್ಟಿಯಾಗಿ ಕಟ್ಟಿಕೊಳ್ಳಲಿ. ಓದುವ ಕನ್ನಡಕ ಕಣ್ಣಿಗೆ ರಕ್ಷಣೆಯಾಗುವುದಿಲ್ಲ, ಅದರ ಮೇಲೆ ಅಕ್ಕಪಕ್ಕ ಮುಚ್ಚಿದ ಗಾಗಲ್ ಬೇಕು. ಹವಾಯಿ ಚಪ್ಪಲಿಯ ವಿಷಯ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ, ಆಚಾರ್ಯರ ಕಾಲು ನೋಡಿ ಹೇಳುತ್ತಿದ್ದೇನೆ.

ಮರದ ಹೊಟ್ಟನ್ನು ನಾವು ನಿರಪಾಯವೆಂದು ತಿಳಿಯುತ್ತೇವೆ, ಅದರ ವಾಸನೆಯೂ ಹಿತವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರಿಗೆ ಅದರ ನಂಟಿದೆ. ಎಂಡಿಎಫ್ ಕೊಯ್ದರೆ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ. ತೇಗ, ಬೀಟೆಯ ಧೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಕಣ್ಣಿಗೆ ಕಾಣುವ ಹೊಟ್ಟು ನಿಲ್ಲುತ್ತದೆ, ಕಾಣದ ಧೂಳು ಒಳಗೇ ಹೋಗುತ್ತದೆ. ಎನ್95 ಮುಖಗವಸು ಬೇಕು, ಅದು ಕೆನ್ನೆಗೆ ಸರಿಯಾಗಿ ಕೂರಬೇಕು. ಹಳೆಯ ವ್ಯಾಕ್ಯೂಮ್ ಕ್ಲೀನರಿಗೆ 20 ಲೀಟರಿನ ಪೇಂಟ್ ಬಕೆಟ್ಟಿನ ಸುಳಿಡಬ್ಬ ಜೋಡಿಸಿದ್ದೇನೆ, ದಪ್ಪ ಹೊಟ್ಟೆಲ್ಲ ಬಕೆಟ್ಟಿನಲ್ಲೇ ಉಳಿಯುತ್ತದೆ. ಶೆಡ್ಡಿನ ಸೀಲಿಂಗ್ ಫ್ಯಾನ್ ಮಾತ್ರ ಕೆಲಸದ ಹೊತ್ತಿನಲ್ಲಿ ಹಾಕುವಂತಿಲ್ಲ, ಕೆಳಗಿಳಿದ ಧೂಳನ್ನು ಮತ್ತೆ ಎಬ್ಬಿಸುತ್ತದೆ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಇದು ಶಿಕ್ಷೆಯೇ. ಬೆಳಗಿನ ಹೊತ್ತೇ ಕೊಯ್ತ ಮುಗಿಸುತ್ತೇನೆ.

ಬ್ಲೇಡ್ ಮರ ಕಚ್ಚಿದಾಗ ಸದ್ದು 100 ಡೆಸಿಬೆಲ್‌ನ ಆಸುಪಾಸಿಗೆ ಏರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಅವಧಿ ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು 15 ನಿಮಿಷ. ಕಿವಿಗೆ ಇಯರ್‌ಮಫ್ ಹಾಕಿದೆ. ಅದರಿಂದ ಹೊಸ ಅಪಾಯವೊಂದು ಹುಟ್ಟಿತು: ಕರೆದದ್ದು ಕೇಳಿಸದಿದ್ದರೆ ಮನೆಯವರು ಒಳಗೆ ಬಂದು ಬೆನ್ನು ತಟ್ಟುತ್ತಾರೆ. ಬ್ಲೇಡಿನ ಮುಂದೆ ಬೆಚ್ಚಿಬೀಳುವುದಕ್ಕಿಂತ ಕೆಟ್ಟದ್ದಿಲ್ಲ. ಬಾಗಿಲ ಹೊರಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಹಾಕಿ, ಅದಕ್ಕೆ ಗಂಟೆಯ ಬದಲು ನನ್ನ ಕಣ್ಣೆದುರಿನ ಗೋಡೆಯಲ್ಲಿ ಹಳದಿ ಬಲ್ಬು ಜೋಡಿಸಿದೆ. ಎರಡನೇ ತರಗತಿಯ ಮೊಮ್ಮಗಳಿಗೆ ಇದರಷ್ಟು ಇಷ್ಟವಾದ ಸ್ವಿಚ್ಚು ಮನೆಯಲ್ಲಿ ಇನ್ನೊಂದಿಲ್ಲ. "ತಾತ, ಬಲ್ಬು ಹತ್ತಿತಾ?" ಎಂದು ಕೇಳಲು ಬಲ್ಬು ಹತ್ತಿಸುತ್ತಾಳೆ.

ಗೋಡೆಯಲ್ಲಿ ಕೆಂಪು ಮರಳಿನ ಬಕೆಟ್ಟು, ಎಬಿಸಿ ಪುಡಿಯ ಅಗ್ನಿಶಾಮಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, 108 ಎಂದು ದಪ್ಪ ಅಕ್ಷರದಲ್ಲಿ ಬರೆದ ರಟ್ಟು ಇವೆ. ರಟ್ಟಿನಲ್ಲಿ ಇನ್ನೊಂದು ಸಾಲು ಬರೆದಿದ್ದೇನೆ, ಓದಲು ಹಿತವಲ್ಲ: ಬೆರಳು ತುಂಡಾದರೆ ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿದು ಕೈ ಮೇಲೆತ್ತಬೇಕು, ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಮಂಜುಗಡ್ಡೆಗೆ ನೇರವಾಗಿ ಹಾಕಬಾರದು. ಮನೆಯಲ್ಲಿ ಯಾರೂ ಇಲ್ಲದ ದಿನ ನಾನು ಯಂತ್ರ ಹಾಕುವುದಿಲ್ಲ, ಉಳಿ ಮಸೆಯುತ್ತೇನೆ.

ಮೊದಲ ಕೊಯ್ತ

ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆ ಹಲಸು ಹೆಚ್ಚು. ಈಗ ಹೆಸರು ಮಾಡಿರುವ ಸಿದ್ದು ಹಲಸಿನ ಮೂಲವೂ ಅಲ್ಲಿಯೇ. ಅಲ್ಲಿನ ಹಳೆಯ ಮನೆಯೊಂದು ಕೆಡವಿದಾಗ ಸಿಕ್ಕ ಬಾಗಿಲುವಾಡದ ತುಂಡೊಂದು ನನ್ನ ಬಳಿ ಇತ್ತು. ಎರಡೂವರೆ ಇಂಚು ದಪ್ಪ, ಐದು ಇಂಚು ಅಗಲ. ಒಂದೊಂದು ಇಂಚಿನ ಪಟ್ಟಿಗಳಾಗಿ ಸೀಳಿ, ಅಂಟಿಸಿ, ಊಟಕ್ಕೆ ಕೂರುವ ಮಣೆ ಮಾಡುವುದು ಉದ್ದೇಶ.

ಹಳೆಯ ಮರವನ್ನು ನೇರವಾಗಿ ಬ್ಲೇಡಿಗೆ ಕೊಡುವಂತಿಲ್ಲ. ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ದಾರದಲ್ಲಿ ಕಟ್ಟಿ ನಾಲ್ಕೂ ಮುಖದ ಮೇಲೆ ನಿಧಾನವಾಗಿ ಸಾಗಿಸಿದೆ. ಬಿಜಾಗರಿ ಇದ್ದ ಕಡೆ ತಿರುಗಿತು, ಅದು ನಿರೀಕ್ಷೆಯದೇ. ಇನ್ನೊಂದು ಕಡೆ, ಏನೂ ಕಾಣದ ಜಾಗದಲ್ಲಿ, ಮರಕ್ಕೆ ಅಂಟಿಕೊಂಡು ನಿಂತಿತು. ತೋಪಡದಿಂದ ಎರಡು ಪದರ ಕೀಸಿದಾಗ ಕಪ್ಪು ಕಲೆ ಮೇಲೆ ಬಂತು, ಕಲೆಯ ನಡುವೆ ಕಮ್ಮಾರ ಬಡಿದು ಮಾಡಿದ ಚೌಕ ಮೊಳೆಯ ಮುರಿದ ತುದಿ. ಉಳಿಯಿಂದ ಸುತ್ತ ಕೆತ್ತಿ ಇಕ್ಕಳದಲ್ಲಿ ಎಳೆದೆ. ಕಾರ್ಬೈಡ್ ಹಲ್ಲಿಗೆ ಇದು ಸಿಕ್ಕಿದ್ದರೆ ಹಲ್ಲು ಮುರಿದು ಹಾರುತ್ತಿತ್ತು. ಆಮೇಲೆ ಒಂದು ಮುಖ, ಒಂದು ಅಂಚನ್ನು ಮೂಲೆಮಟ್ಟಕ್ಕೆ ಸರಿಯಾಗಿ ಕೀಸಿದೆ. ಮೇಜಿನ ಮೇಲೆ ತೊಯ್ದಾಡುವ ಮರ ಬ್ಲೇಡಿಗೆ ಹೋಗಬಾರದು.

ಬ್ಲೇಡ್ ಮರದಿಂದ ಒಂದು ಹಲ್ಲಿನಷ್ಟು ಮೇಲೆ ಬರುವಂತೆ ಮೇಜನ್ನು ನಿಲ್ಲಿಸಿ, ಬ್ಲೇಡಿನ ನೇರದಿಂದ ಎಡಕ್ಕೆ ಸರಿದು ನಿಂತು, ಹಸಿರು ಗುಂಡಿ ಒತ್ತಿದೆ. ಹಲಸು ಕೊಯ್ಯಲು ಒಳ್ಳೆಯ ಮರ, ಅರಿಶಿನದಂಥ ಹೊಟ್ಟು ಬರುತ್ತದೆ. ಅರ್ಧ ದಾಟಿದ ಮೇಲೆ ತಳ್ಳುವುದು ಬಿಗಿಯಾಯಿತು. ಮೋಟರಿನ ದನಿ ಮಾತ್ರ ಬದಲಾಗಲಿಲ್ಲ. ಮೊಣಕಾಲಿನಿಂದ ಪ್ಲೈ ನೂಕಿದೆ. ಬ್ಲೇಡ್ ಪೂರ್ತಿ ನಿಲ್ಲುವ ತನಕ ಹಲಗೆಯನ್ನು ಹಾಗೆಯೇ ಹಿಡಿದುಕೊಂಡು, ನಿಂತ ಮೇಲೆ ನೋಡಿದರೆ ಸೀಳು ಹಿಂದೆ ಮುಚ್ಚಿಕೊಂಡು ತಗಡನ್ನು ಕಚ್ಚಿ ಹಿಡಿದಿತ್ತು. ಬಾಗಿಲುವಾಡವಾಗಿ ಅಷ್ಟು ಕಾಲ ನಿಂತ ಮರದೊಳಗೂ ಬಿಗಿತ ಉಳಿದಿರುತ್ತದೆ, ಸೀಳಿದಾಗ ಅದು ಹೊರಬರುತ್ತದೆ. ಸೀಳಿನೊಳಗೆ ಸಣ್ಣ ಬೆಣೆಯೊಂದನ್ನು ಕೈಯಿಂದಲೇ ಒತ್ತಿ, ಮರವನ್ನು ಹಿಂದಕ್ಕೆಳೆದು, ಮತ್ತೆ ಹಾಕಿ ಮುಗಿಸಿದೆ.

ಆಚಾರ್ಯರು ಬಗ್ಗಿ ತಗಡನ್ನು ನೋಡಿದರು. ಎರಡೂ ಮೈಯಲ್ಲಿ ಹಲಸು ಉಜ್ಜಿದ ಹಳದಿ ಗುರುತು, ಹೆಬ್ಬೆರಳಿನ ಅಗಲ. ಅದನ್ನು ಉಗುರಿನಿಂದ ಕೆರೆದರು. "ಇದಿಲ್ಲದಿದ್ದರೆ ಇದು ನನ್ನ ಹೊಟ್ಟೆಯ ಕಡೆ ಬರುತ್ತಿತ್ತು ಅಲ್ಲವೇ ಸ್ವಾಮಿ" ಎಂದರು. ಆಗ ಅವರು ನಿಂತಿದ್ದುದು ಬ್ಲೇಡಿನ ನೇರಕ್ಕೇ.

ಮಣೆಗೆ ಅಂಟು ಹಾಕಿ ಕ್ಲ್ಯಾಂಪ್ ಬಿಗಿದಾಗಿದೆ. ಒಣಗಿದ ಮೇಲೆ ಅಗಸೆ ಎಣ್ಣೆ ಹಚ್ಚಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು: ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಹೊರಗೆ ಹೋಗಲಾರದೆ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಹೊಟ್ಟು ತುಂಬಿದ ಶೆಡ್ಡಿನಲ್ಲಿ ಅದು ಸಾಕು. ಒಂದೊಂದೇ ಬಟ್ಟೆಯನ್ನು ಬಿಡಿಸಿ ಹೊರಗಿನ ತಂತಿಯ ಮೇಲೆ ಹರವಿ, ಗರಿಗರಿಯಾದ ಮೇಲೆ ಎಸೆಯುವುದು. ಬಟ್ಟೆ ಒಣಗಿಸುವ ತಂತಿಯ ಯಾವ ಕೊನೆ ನನ್ನದು ಎಂಬ ಬಗ್ಗೆ ಮನೆಯಲ್ಲಿ ಮಾತುಕತೆ ನಡೆಯುತ್ತಿದೆ.

ಬಾಕಿ ಉಳಿದದ್ದು: ಬೇಲಿಯ ಹಿಂದಿನ ಬಿಗಿ ಇನ್ನೂ ಅರ್ಧ ಮಿಲಿಮೀಟರ್ ಜಾರುತ್ತದೆ, ಅದಕ್ಕೆ ಹೊಸ ಬೋಲ್ಟು ಬೇಕು. ಮುಚ್ಚಳದ ತೋಳು ಇಂಚಿನ ಪಟ್ಟಿ ಕೊಯ್ಯುವಾಗ ತಳ್ಳುಕೋಲಿಗೆ ತಾಗುತ್ತದೆ, ಮುಚ್ಚಳವನ್ನು ಇನ್ನೂ ಕಿರಿದು ಮಾಡಬೇಕು. ಆಚಾರ್ಯರ ಮೇಜಿನಲ್ಲಿ ತಗಡು ಕೂರಿಸಲು ಜಾಗವೇ ಇಲ್ಲ; ಮಾರ್ಬಲ್ ಕಟ್ಟರಿಗೆ ಅಂಥ ಏರ್ಪಾಡು ಇರುವುದಿಲ್ಲ. ಉದ್ದಕ್ಕೆ ಸೀಳುವುದಿದ್ದರೆ ಇಲ್ಲಿಗೇ ತನ್ನಿ ಎಂದಿದ್ದೇನೆ. ಅಡ್ಡ ಕೊಯ್ಯಲು ಅವರ ಮೇಜನ್ನೇ ಬಳಸುವುದಾದರೆ ಒಂದು ಸ್ಟಾರ್ಟರ್, ಒಂದು ಅಣಬೆ ಗುಂಡಿ, ಒಂದು ಅಡಿ ಪ್ಲೈ. ಮೂರನ್ನೂ ಅವರೇ ಚೀಟಿಯಲ್ಲಿ ಬರೆದುಕೊಂಡು ಹೋದರು. ನಾಳೆ ಮಂಡಿಪೇಟೆಗೆ ಒಟ್ಟಿಗೆ ಹೋಗುವುದು.